ಯಾರನ್ನೂ ಮುಟ್ಟದ ಕಳ್ಳ

ನನ್ನ ಮಗಳು ಮೊನ್ನೆ ಕೇಳಿದ ಪ್ರಶ್ನೆಗೆ ನನಗಿನ್ನೂ ಉತ್ತರ ಸಿಗವಲ್ದು. ಸೂಟಿ ದಿನ, ಮಧ್ಯಾಹ್ನದ ಹೊತ್ತು. ರಾಯಚೂರಿನ ಬಿಸಲು ನಿಮಗ ಗೊತ್ತೇ ಅದ, ಕಿಡಕಿ ಮುಚ್ಕೊಂಡು ನಾನು ನನ್ನ ಹಳೇ ಆಟ ಆಡ್ಲಿಕ್ಕೆ ಕೂತಿದ್ದೆ. ಕಂಪ್ಯೂಟರ್ ಹೊಸದು, ಆಟ ಮಾತ್ರ ನಾನು ಫ್ರಾಕು ಹಾಕ್ಕೋತಿದ್ದ ಕಾಲದ್ದು. ಒಬ್ಬ ಕಳ್ಳ. ಒಂದು ಹಳೇ ಕಲ್ಲಿನ ಊರು. ಗೋಡಿಗೆ ದೀಪ, ದೀಪದ ಕೆಳಗ ಕಾವಲುಗಾರರು. ಅವರ ಕಣ್ಣಿಗೆ ಬೀಳದಂಗ, ಕಿವಿಗೂ ಬೀಳದಂಗ ಕತ್ತಲದಾಗ ಹೆಜ್ಜಿ ಇಟ್ಕೋತ ಹೋಗಿ, ಬೇಕಾದ್ದು ತೊಗೊಂಡು ಹೊರಗ ಬರೋದು. ಇಷ್ಟ ಆಟ. ಮಗಳು ಬಂದು ನನ್ನ ಕುರ್ಚಿ ಹಿಂದ ನಿಂತಳು. ಸ್ವಲ್ಪ ಹೊತ್ತು ನೋಡಿದಳು.

"ಅಮ್ಮಾ, ಇವರ ಮುಖ ಎಲ್ಲಾ ಇಟ್ಟಂಗಿ ಆಗ್ಯಾವ. ಆಗಿಂದ ಒಂದ ಮೂಲ್ಯಾಗ ನಿಂತೀ. ಇದರಾಗ ಏನದ ಅಂತ ಇನ್ನೂ ಆಡ್ತೀ?"

"ಏನದ ಅಂದ್ರ... ಏನೋ ಅದ."

ಯರಗೇರಾ ಸಾಲ್ಯಾಗ ಹುಡುಗರ ಮುಂದ ನಿಂತು ತಾಸುಗಟ್ಟಲೆ ಪಾಠ ಹೇಳೋ ನಾನು, ಮಗಳ ಮುಂದ ತೊದಲಿದೆ. ಆಮ್ಯಾಲ ಸಿಟ್ಟು ಬಂದು ಒಂದ ಉಸುರಿಗೆ ಎಲ್ಲಾ ಹೇಳಿದೆ. ನಿಮ್ಮ ಈಗಿನ ಆಟದಾಗ ಎಲ್ಲಿ ಹೋಗ್ಬೇಕು ಅಂತ ಬಾಣದ ಗುರ್ತು ತೋರಸ್ತಾರ, ಇದರಾಗ ಯಾರೂ ಏನೂ ತೋರಸಂಗಿಲ್ಲ. ಅರ್ಧಮರ್ಧ ಗೀಚಿದ ನಕ್ಷಾ ಒಂದು ಕೈಗೆ ಕೊಟ್ಟು ಬಿಟ್ಟುಬಿಡ್ತಾರ, ಉಳಿದದ್ದೆಲ್ಲಾ ಕಿವಿ ಕೆಲಸ. ಕಲ್ಲಿನ ಫರಸಿ ಮ್ಯಾಲ ಕಾಲಿಟ್ರ ಸಪ್ಪಳ, ಜಮಖಾನಿ ಮ್ಯಾಲ ಇಟ್ರ ಇಲ್ಲ. ಕಾವಲುಗಾರರು ತಮ್ಮತಮ್ಮೊಳಗ ಮಾತಾಡ್ಕೋತಾರ, ಒಬ್ಬವಗ ಮೊಣಕಾಲು ನೋವು, ಇನ್ನೊಬ್ಬವಗ ಊಟ ತಣ್ಣಗಾದ ಸಿಟ್ಟು. ಕತ್ತಲದಾಗ ನಿಂತು ಅದನ್ನ ಕೇಳಿದ ಮ್ಯಾಲ ಅವರ ಮ್ಯಾಲ ಕೈ ಎತ್ತಲಿಕ್ಕೆ ಮನಸ್ಸಾಗಂಗಿಲ್ಲ. ಯಾವ ಆಟ ನಿನಗ ಸುಮ್ಮನ ನಿಲ್ಲೋದು ಕಲಿಸ್ತದ, ಹೇಳು ನೋಡೋಣು? ಮಗಳು "ಹೂಂ" ಅಂದು ಫೋನ್ ನೋಡ್ಕೋತ ಹೋದಳು. ನಾ ಹೇಳಿದ್ದೆಲ್ಲಾ ಖರೇನ. ಆದ್ರ ಹೇಳಿ ಮುಗಿಸಿದ ಮ್ಯಾಲ ಒಂದು ಗೊಂದಲ ಸುರು ಆತು. ನಾ ಇಷ್ಟೊತ್ತು ಹೊಗಳಿದ್ದು ಆಟಾನೋ, ನಾ ಬೆಳೆದ ಮನಿಯ ಹೊರಗಿನ ಖೋಲಿನೋ? ತಿಳೀವಲ್ದು. ತಿಳೀತದೇನೋ ನೋಡೋಣು ಅಂತ ಬರೀಲಿಕ್ಕೆ ಕೂತೀನಿ.

ಆ ಮನಿ ಇದೇ ಊರಾಗ, ಕೋಟೆ ಕಡೆ ಹೋಗೋ ಓಣ್ಯಾಗ ಇತ್ತು. ರಸ್ತಾಕ್ಕ ಹೊಂದಿ ಹೊರಗಿನ ಖೋಲಿ, ಅದನ್ನ ದಾಟಿದ್ರ ನಡುಮನಿ, ಆಮ್ಯಾಲ ಅಡಗಿಮನಿ, ಅದರ ಬಾಜೂಕ ದೇವರ ಮನಿ, ಹಿಂದ ಬಚ್ಚಲ, ಹಿತ್ತಲ. ಕೆಳಗ ಶಹಾಬಾದ ಫರಸಿ, ಬ್ಯಾಸಗ್ಯಾಗ ಅದರ ಮ್ಯಾಲ ನೀರು ಹೊಡದು ಬರೀ ನೆಲದ ಮ್ಯಾಲ ಮಲಗ್ತಿದ್ವಿ. ಹೊರಗಿನ ಖೋಲಿಗೂ ನಡುಮನಿಗೂ ನಡುವ ಒಂದು ಹೊಸ್ತಲ. ನೋಡ್ಲಿಕ್ಕೆ ಕಟ್ಟಿಗಿದು, ಆದ್ರ ನಮ್ಮನಿಯ ಕಾಯ್ದೆ ಎಲ್ಲಾ ಅಲ್ಲಿಂದ ಸುರು. ಅದರ ಆಚಿಗೆ ಅಜ್ಜಿ ರಾಜ್ಯ. ಅಜ್ಜಿ ಅಂದ್ರ ಅಪ್ಪನ ಅವ್ವ. ಅಜ್ಜ ಹೋದ ಮ್ಯಾಲ ಅಕಿ ಮಡಿ ಇನ್ನೂ ಬಿಗಿ ಆಗಿತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಗಳದ ಮ್ಯಾಲ ಒಣಗಿದ ಮಡಿಸೀರಿ ಉಟ್ಟಳು ಅಂದ್ರ, ಮಧ್ಯಾಹ್ನದ ಊಟ ಮುಗಿಯೋ ತನಕ ಅಕಿನ್ನ ಯಾರೂ ಮುಟ್ಟಂಗಿಲ್ಲ. ಮುಟ್ಟಿದ್ರ ಅಕಿ ಮತ್ತ ಸ್ನಾನ ಮಾಡಬೇಕು, ಒದ್ದಿ ಸೀರಿ ಮತ್ತ ಒಣಗಬೇಕು, ಅಲ್ಲಿ ತನಕ ಎಲ್ಲಾರ ಊಟ ಬಂದ್. ನಾನು ನಡುಮನ್ಯಾಗ ಓಡಾಡೋದು ಕಲ್ತದ್ದ ಹಂಗ. ಗೋಡಿಗೆ ಬೆನ್ನು ಹಚ್ಕೊಂಡು, ಗಳದ ಸೀರಿಗೆ ತಲಿ ತಾಗದಂಗ ಬಗ್ಗಿ, ಅಜ್ಜಿ ಹೆಜ್ಜಿ ಸಪ್ಪಳ ಎಲ್ಲಿಂದ ಬರ್ಲಿಕ್ಕತ್ತದ ಅಂತ ಕೇಳ್ಕೋತ. ಆದ್ರೂ ವಾರಕ್ಕೊಮ್ಮೆ ತಾಗೇ ತಾಗ್ತಿದ್ದೆ.

"ಸುಟ್ಟ ಹುಡುಗೀ! ಕಣ್ಣು ಎಲ್ಲಿಟ್ಟೀಯೇ? ನಡಿ ಆಚಿಗೆ!"

ಬೈದು ಬೈದು, ಬೈಕೋತನ ಬಚ್ಚಲಕ್ಕ ಹೋಗ್ತಿದ್ದಳು. ಮಧ್ಯಾಹ್ನ ಉಂಡ ಮ್ಯಾಲ ಅದೇ ಅಜ್ಜಿ ನನ್ನ ತಲಿ ತೊಡಿ ಮ್ಯಾಲ ಇಟ್ಕೊಂಡು ಹೇನು ನೋಡ್ತಿದ್ದಳು. ಮುಂಜಾನೆ ಮುಟ್ಟಬಾರದ ಅಜ್ಜಿ, ಮಧ್ಯಾಹ್ನ ತಾನ ಎಳಕೊಂಡು ಮುಟ್ಟೋ ಅಜ್ಜಿ. ಸಣ್ಣಾಕಿ ಇದ್ದಾಗ ಇದು ನನಗ ವಿಚಿತ್ರ ಅನಿಸಲೇ ಇಲ್ಲ. ಈಗ ಅನಿಸ್ತದ.

ಆ ಕಂಪ್ಯೂಟರ್ ನಮ್ಮನಿಗೆ ಬಂದದ್ದು ಗುಂಡುಕಾಕಾನ ಜೋಡಿ. ಕಾಕಾ ಅಂದ್ರ ಅಪ್ಪನ ತಮ್ಮ. ದೇವದುರ್ಗದಾಗ ಒಂದು ಕಂಪ್ಯೂಟರ್ ಕ್ಲಾಸು ನಡಸ್ತಿದ್ದ. ಕರೆಂಟು ಇದ್ರ ಹುಡುಗರಿಲ್ಲ, ಹುಡುಗರು ಬಂದ್ರ ಕರೆಂಟಿಲ್ಲ, ಹಿಂಗಾಗಿ ಕ್ಲಾಸು ಮುಚ್ಚಿ, ಉಳಿದ ಒಂದು ಕಂಪ್ಯೂಟರ್ ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡು ಬಂದಿದ್ದ. ಅದು ಒಳಗ ಹೋಗಂಗಿಲ್ಲ ಅಂತ ಅಜ್ಜಿ ತೀರ್ಮಾನ ಆತು. ಹೊರಗಿನ ಖೋಲ್ಯಾಗ ಕೂತಿತು. ಕಾಕಾನೂ ಅಲ್ಲೇ ಕೂತ. ಅಂವ ಸಂಧ್ಯಾವಂದನೆ ಬಿಟ್ಟು ಯಾವುದೋ ಕಾಲ ಆಗಿತ್ತು, ಸಂಜೀಗೆ ಬಸ್‌ಸ್ಟ್ಯಾಂಡ್ ಕಡೆ ಹೋಗಿ ಉಳ್ಳಾಗಡ್ಡಿ ಹಾಕಿದ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಬರ್ತಿದ್ದ. ಅಜ್ಜಿಗೆ ಅದರ ವಾಸನಿ ಹೊಸ್ತಲದಾಗ ನಿಂತ್ರೂ ಬರ್ತಿತ್ತು, ಆದ್ರ ಅದಕ್ಕೆಲ್ಲಾ ಅಕಿ ಬೈದು ಸುಮ್ಮನಾಗ್ತಿದ್ದಳು. ಸಣ್ಣ ಮಗ, ಅಕಿಗೆ ಅವನ ಮ್ಯಾಲ ಜೀವ.

ಜಗಳ ಆದದ್ದು ಒಂದು ಮಧ್ಯಾಹ್ನ, ಊಟಕ್ಕ ಕೂತಾಗ. ಜಗಳ ಅಂತನೂ ಅನ್ನಲಿಕ್ಕೆ ಬರಂಗಿಲ್ಲ. ಅಪ್ಪ, ಕಾಕಾ, ನಾನು ನಡುಮನ್ಯಾಗ ಸಾಲಾಗಿ ಕೂತಿದ್ವಿ. ಅಜ್ಜಿ ಹುಳಿ ಬಡಸ್ಲಿಕ್ಕೆ ಬಂದಿದ್ದಳು.

"ಅವ್ವಾ, ನಾ ಒಬ್ಬಾಕಿನ್ನ ಲಗ್ನ ಆಗಬೇಕಂತ ಮಾಡೀನಿ," ಅಂದ ಕಾಕಾ.

"ಯಾರ ಪೈಕಿ?"

"ಮಾನ್ವಿ ಕಡೇವ್ರು, ಕುರ್ಡಿ ಊರವ್ರು. ಬಾಗಲವಾಡ ಸಾಲ್ಯಾಗ ಟೀಚರ್ ಇದ್ದಾಳ. ಸುಜಾತಾ ಅಂತ. ನನ್ನ ಕ್ಲಾಸಿಗೆ ಕಂಪ್ಯೂಟರ್ ಕಲೀಲಿಕ್ಕೆ ಬರ್ತಿದ್ದಳು. ಊರ ಹೊರಗಿನ ಕೇರ್ಯಾಗ ಅವರ ಮನಿ. ಅಪ್ಪ ಅವ್ವ ಕೂಲಿ ಮಾಡಿ ಓದಿಸ್ಯಾರ. ಬುದ್ಧನ್ನ ನಂಬೋ ಮಂದಿ."

ಅಜ್ಜಿ ಒದರಲಿಲ್ಲ, ಅಳಲಿಲ್ಲ. ಸೌಟು ತಿರುಗಿ ಪಾತೇಲಿಯೊಳಗ ಇಟ್ಟಳು, ಮುಚ್ಚಿದಳು, ಒಳಗ ಹೋದಳು. ಅಪ್ಪ ಬರೇ ಅನ್ನ ಕಲಸ್ಕೋತ ಕೂತ. ಅವತ್ತಿಂದ ಅಜ್ಜಿ ಕಾಕಾನ ಜೋಡಿ ಮಾತು ಬಿಟ್ಟಳು. ಪೂರ್ತಿ ಬಿಟ್ಟಳು. ಹೇಳೋದೆಲ್ಲಾ ನನ್ನ ಮುಖಾಂತರ. ಕಾಕಾ ಎದುರಿಗೇ ನಿಂತಿರ್ತಿದ್ದ, ಅಕಿ ನನಗ ಹೇಳ್ತಿದ್ದಳು, "ಪದ್ದೀ, ಅವಗ ಹೇಳು, ಊಟ ಆಗೇದಂತ." ನಾನು ಕಾಕಾನ ಕಡೆ ತಿರುಗಿ "ಊಟ ಆಗೇದಂತ" ಅಂತಿದ್ದೆ. ಕಾಕಾ "ಬಂದೆ ಅಂತ ಹೇಳು" ಅಂತಿದ್ದ. ಮದ್ಲು ನನಗ ಭಾಳ ಮಜಾ ಬಂತು, ಮನ್ಯಾಗ ನನಗೊಂದು ಹುದ್ದೆ ಸಿಕ್ಕಂಗ. ಆಮ್ಯಾಲ ಮಜಾ ಹೋತು. ಅಪ್ಪ ದಿನಾ ಮಾನ್ವಿ ಬಸ್ ಹತ್ತಿ ಸಾಲಿಗೆ ಹೋಗಾಂವ, ಸಂಜೀಗೆ ಬಂದು ಅಮ್ಮಗ ಪಿಸುಮಾತಿನಾಗ ಕೇಳ್ತಿದ್ದ, "ಮಾತಾಡಿದ್ರೇನು?" ಅಮ್ಮ ತಲಿ ಅಲ್ಲಾಡಸ್ತಿದ್ದಳು. ಕಾಕಾನೂ ಹಟಮಾರಿ. ಲಗ್ನ ಮುಂದ ಹಾಕಿದ, ಬಿಡಲಿಲ್ಲ. "ಅವ್ವ ಒಂದ ಮಾತು ಆಡ್ಲಿ, ಬೈಯಲಿ ಬೇಕಾದ್ರ, ಆಮ್ಯಾಲ ಹೋಗ್ತೀನಿ," ಅಂತ ಅಪ್ಪನ ಮುಂದ ಅಂದಿದ್ದು ನಾ ಕೇಳೀನಿ. ಅಜ್ಜಿ ಮಾತಾಡ್ತಾಳೋ ಇಲ್ಲೋ, ನಮ್ಮನಿಯೊಳಗ ಆ ವರ್ಷ ಇದೊಂದ ಪ್ರಶ್ನೆ.

ಇದರ ನಡುವ ಕಾಕಾ ಆ ಆಟ ಸುರು ಮಾಡಿದ. ಮಧ್ಯಾಹ್ನ ಊಟ ಆದ ಮ್ಯಾಲ ಕಿಡಕಿ ಹಾಕಿ, ಬಾಗಲಾ ಅರ್ಧ ತೆರದು, ಖೋಲಿ ಕತ್ತಲ ಮಾಡಿ ಕೂತ್ಕೋತಿದ್ದ. ಬಾಜೂಕ ಸ್ಟೂಲಿನ ಮ್ಯಾಲ ನಾನು. ಒಂದಿನ ಹೊಸ್ತಲದ ಒಳಗಡೆ ಅಜ್ಜಿ ಬಂದು ಕೂತದ್ದು ಕಾಣಿಸ್ತು. ಕೈಯಾಗ ಹೂಬತ್ತಿ ಮಾಡೋ ಹತ್ತಿ. ಹೂಬತ್ತಿ ಮಾಡ್ಲಿಕ್ಕೆ ಬೆಳಕು ಬೇಕು, ಅಜ್ಜಿ ಕತ್ತಲಕ್ಕ ಬಂದು ಕೂತಿದ್ದಳು.

"ಪದ್ದೀ, ಯಾರಂವ? ಯಾಕ ಗೋಡಿ ಹಿಡಕೊಂಡು ನಿಂತಾನ?"

"ಕಳ್ಳ ಅಜ್ಜಿ. ಅಡಗ್ಯಾನ."

"ಯಾಕ ಕದೀತಾನ?"

ನನಗ ಗೊತ್ತಿರಲಿಲ್ಲ. ಕಾಕಾ ಪರದೆ ಮ್ಯಾಲಿನ ಕಣ್ಣು ತೆಗೀದಂಗ ಹೇಳಿದ, "ಕೇಳಿದ್ರ ಯಾರೂ ಕೊಡಂಗಿಲ್ಲಂತ ಹೇಳು ಪದ್ದೀ. ಅದಕ್ಕ."

ಅಜ್ಜಿ ಎದ್ದು ಹೋಗಲಿಲ್ಲ. ಮರುದಿನ ಮತ್ತ ಬಂದಳು. ಅವತ್ತು ಕಳ್ಳ ಒಂದು ಗುಡಿಯಂಥಾ ಕಟ್ಟಡದೊಳಗ ಹೋಗಬೇಕಿತ್ತು. ಬಾಗಲದಾಗ ಒಬ್ಬ ಕಾವಲುಗಾರ. ಕಾಕಾ ಹಿಂದಿಂದ ಹೋಗಿ ಅವನ ತಲಿಗೆ ಕೋಲಿನಿಂದ ಒಂದು ಕೊಟ್ಟ, ಅಂವ ಬಿದ್ದ, ಕಾಕಾ ಅವನ್ನ ಎಳಕೊಂಡು ಕತ್ತಲಿಗೆ ಹಾಕಿದ.

"ಅಯ್ಯಯ್ಯ! ಮುಟ್ಟಿದನಲ್ಲೇ ಪದ್ದೀ! ಯಾವನೋ ಏನೋ, ದರದರಾ ಎಳಕೊಂಡು ಹೋದ. ಇನ್ನ ಅದ ಮೈಲಿಗ್ಯಾಗ ಗುಡಿಯೊಳಗ ಹೋಗ್ತಾನೇನು? ಮದ್ಲು ಸ್ನಾನ ಮಾಡು ಅಂತ ಹೇಳು ಅವಗ."

"ಯಾರಿಗೆ ಹೇಳ್ಲಿ ಅಜ್ಜಿ, ಕಾಕಾಗೋ ಕಳ್ಳಗೋ?"

"ಯಾರಿಗರ ಹೇಳು!"

ಕಾಕಾ ನಗಲಿಲ್ಲ. ಮುಖ ಗಂಭೀರ ಮಾಡಿ, ಗುಡಿ ಬಾಗಲಾ ಬಿಟ್ಟು ಕಳ್ಳನ್ನ ತಿರುಗಿಸಿ ಅಂಗಳದಾಗಿದ್ದ ಹೊಂಡಕ್ಕ ಕರಕೊಂಡು ಹೋದ, ಒಳಗ ದೂಕಿದ. ಧಡಲ್ ಅಂತ ನೀರಿನ ಸಪ್ಪಳ. ಎಲ್ಲಾ ಕಡೆಯಿಂದ ಕಾವಲುಗಾರರು ಪಂಜು ಹಿಡಕೊಂಡು ಓಡಿ ಬಂದರು, ಕಳ್ಳ ಒದ್ದಿ ಬಟ್ಟಿಲೇ ಸತ್ತ. ಅಜ್ಜಿ ಕೈಯಿಂದ ಹತ್ತಿ ಬಿತ್ತು.

"ಸ್ನಾನ ಮಾಡಾವನ್ನ ಹೊಡೀತಾರೇನು! ಎಂಥಾ ಮಂದಿ!"

ಆವಾಗ ಕಾಕಾಗ ನಗಿ ತಡೀಲಿಲ್ಲ. ನಾನೂ ನಕ್ಕೆ. ಅಜ್ಜಿ ಸೆರಗು ಬಾಯಿಗೆ ಹಚ್ಕೊಂಡದ್ದು ನೋಡಿದೆ. ನಗ್ಲಿಕ್ಕೋ, ಸತ್ತವಗ ಮರುಗ್ಲಿಕ್ಕೋ, ಗೊತ್ತಾಗಲಿಲ್ಲ. ಆಮ್ಯಾಲ ಅಕಿನ ಕಾಯ್ದೆ ಮಾಡಿದಳು, "ಮುಟ್ಟೋದ ಬ್ಯಾಡ ಅಂತ ಹೇಳು. ಮುಟ್ಟಿದ್ರ ತಾನ ಸ್ನಾನದ ಮಾತು?" ಕಾಕಾ "ಆಗಲಿ ಅಂತ ಹೇಳು" ಅಂದ. ಮುಂದ ಇಡೀ ಆಟ ಯಾರನ್ನೂ ಮುಟ್ಟದಂಗ ಆಡಿದ. ಅದು ಎಷ್ಟು ಕಷ್ಟ ಅಂತ ನನಗ ಆವಾಗ ತಿಳಿದಿರಲಿಲ್ಲ. ಜಗತ್ತಿನಾಗ ಈ ಆಟ ಆಡೋ ಮಂದಿ ಹಂಗ ಆಡಿ ಮುಗಿಸೋದನ್ನ ದೊಡ್ಡ ಸಾಹಸ ಅಂತ ಹೇಳ್ಕೋತಾರ ಅಂತ ಭಾಳ ವರ್ಷದ ಮ್ಯಾಲ ಓದಿದೆ. ನಮ್ಮನ್ಯಾಗ ಅದು ಸಾಹಸ ಅಲ್ಲ, ಮಡಿ. ಜನಿವಾರ ತೆಗೆದು ಗೂಟಕ್ಕ ಹಾಕಿದ ಕಾಕಾ, ಅಜ್ಜಿಯ ಒಂದು ಮಾತೂ ಕೇಳದ ಕಾಕಾ, ಆಟದೊಳಗ ಅಕಿ ಹೇಳಿದ್ದು ಒಂದೂ ಮೀರಲಿಲ್ಲ. ಯಾಕ ಅಂತ ಕೇಳಿದ್ರ ನನಗ ಇವತ್ತಿಗೂ ಹೇಳ್ಲಿಕ್ಕೆ ಬರಂಗಿಲ್ಲ.

ಹಂಗ ದಿನಾ ನಡೀತು. ಅಜ್ಜಿಗೆ ಕಿವಿ ಭಾರೀ ಚುರುಕು, ಕಾವಲುಗಾರ ಯಾವ ಕಡೆಯಿಂದ ಬರ್ಲಿಕ್ಕತ್ತಾನ ಅಂತ ನಮಗಿಂತ ಮದ್ಲು ಅಕಿಗೆ ತಿಳೀತಿತ್ತು. "ನಿಲ್ಲು, ನಿಲ್ಲು, ಬಂದ! ಹೂಂ, ಹೋದ, ಈಗ ನಡಿ." ಅಷ್ಟೊತ್ತಿಗೆ "ಹೇಳು" ಅನ್ನೋದು ತಾನ ಬಿದ್ದುಹೋಗಿತ್ತು, ನನ್ನ ಹುದ್ದೆನೂ ಹೋತು. ಅಜ್ಜಿ ನೇರ ಕಳ್ಳಗ ಹೇಳ್ತಿದ್ದಳು, ಕಳ್ಳನ ಪರವಾಗಿ ಕಾಕಾ ಉತ್ತರ ಕೊಡ್ತಿದ್ದ.

"ಆ ಮನಿ ಬಿಟ್ಟು ಎಲ್ಲಿಗೆ ಹೊಂಟಾನ ಅಂವ? ಹೊರಗ ಹೋದ್ರ ಹಿಡೀತಾರ."

"ಒಳಗಿದ್ರೂ ಉಸುರು ಹಿಡೀತದ."

"ಅವಗ ತಾಯಿ ಇಲ್ಲೇನು?"

"ಇದ್ದಾಳ. ಮಾತಾಡಂಗಿಲ್ಲ."

ಅಜ್ಜಿ ಕೈಯಾಗಿನ ಹೂಬತ್ತಿ ಮಾಡಿ ಮುಗಿಸಿದಳು. ಆಮ್ಯಾಲ, "ಅಕಿಗೂ ಏನೋ ಇರ್ತದ," ಅಂದಳು. ನಾನು ಇಬ್ಬರ ಮುಖಾನೂ ನೋಡ್ಕೋತ ಕೂತಿದ್ದೆ. ಇವರು ಮಾತಾಡ್ಲಿಕ್ಕತ್ತಾರೋ ಇಲ್ಲೋ? ಸಂಜೀಗೆ ಅಪ್ಪ ಬಂದು "ಮಾತಾಡಿದ್ರೇನು?" ಅಂತ ಕೇಳಿದಾಗ ಅಮ್ಮ ನನ್ನ ಕಡೆ ನೋಡಿದಳು. ನಾನು "ಕಳ್ಳನ ಜೋಡಿ ಮಾತಾಡಿದಳು" ಅಂದೆ. ಅಪ್ಪ ಟೋಪಿ ತೆಗೆದು ತಲಿ ಕೆರಕೊಂಡ. ಆಟ ಬಂದ್ ಆತಂದ್ರ ಅಜ್ಜಿ ಎದ್ದು ಒಳಗ ಹೋಗ್ತಿದ್ದಳು, ಹೋಗಿ ಮತ್ತ "ಪದ್ದೀ, ಅವಗ ಚಹಾ ಬೇಕೇನು ಕೇಳು" ಸುರು. ಮಗಳೇ, ನಿನಗ ಉತ್ತರ ಬೇಕಾಗಿದ್ರ ಅರ್ಧ ಇಲ್ಲೇ ಅದ ನೋಡು. ನಾನು ಆ ಕತ್ತಲದಾಗ ಹೋಗಿ ನಿಲ್ಲೋದು ಕದೀಲಿಕ್ಕಲ್ಲ. ಆ ಇಬ್ಬರ ದನಿ ಕೇಳಬೇಕು ನನಗ, ಅವರು ಮಾತಾಡಿದ ಜಾಗಾ ಅದೊಂದ. ಇಬ್ಬರೂ ಈಗಿಲ್ಲ. ಇನ್ನರ್ಧ ಉತ್ತರ ಇದಕ್ಕ ಉಲ್ಟಾ ಅದ, ಅದಕ್ಕ ನನಗ ತಲಿ ಕೆಡೋದು.

ಆಟ ಮುಗೀತು, ಅಜ್ಜಿಯ ಮಾತು ಮಾತ್ರ ಬರಲಿಲ್ಲ, ಕಾಕಾಗ ಇನ್ನ ಕಾಯೋದು ಆಗಲಿಲ್ಲ. ಮುಗಿದ ಸ್ವಲ್ಪ ದಿನಕ್ಕ ಕಾಕಾ ಮಾನ್ವಿಯೊಳಗ ರಜಿಸ್ಟರ್ ಲಗ್ನ ಆದ, ಅಪ್ಪ ಹೋಗಿ ಸಾಕ್ಷಿ ಸಹಿ ಹಾಕಿ ಬಂದ. ಒಂದು ರವಿವಾರ ಕಾಕಾ ಹೆಂಡ್ತಿನ್ನ, ನನ್ನ ಹೊಸ ಕಾಕುನ್ನ, ಕರಕೊಂಡು ಮನಿಗೆ ಬಂದ. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಸುಜಾತಾ ಕಾಕು ಹತ್ತಿ ಸೀರಿ ಉಟ್ಟಿದ್ದಳು, ಬಸ್ಸಿನ ಧೂಳು ಮುಖದ ಮ್ಯಾಲ ಹಂಗ ಇತ್ತು, ಮೈ ನೆಟ್ಟಗ ಇಟ್ಕೊಂಡು ನಿಲ್ಲಾಕಿ. ಅಜ್ಜಿ ಮಡಿಸೀರಿಯೊಳಗ ಹೊಸ್ತಲಕ್ಕ ಬಂದು ನಿಂತಳು. ಬರ್ತಾಳೋ ಇಲ್ಲೋ ಅಂತ ಹೆದರಿದ್ವಿ, ಬಂದಳಲ್ಲಾ ಅಂತ ಅಮ್ಮ ನನ್ನ ಕೈ ಹಿಚುಕಿದಳು. ಅಷ್ಟರಾಗ ಕಾಕು ಬಗ್ಗಿ, ಎರಡೂ ಕೈಲೇ ಅಜ್ಜಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಾಕಾ ಅಕಿಗೆ ನಮ್ಮನಿ ಬಗ್ಗೆ ಎಲ್ಲಾ ಹೇಳಿದ್ದ, ಏನು ಉಣ್ತಾರ, ಏನು ಉಣ್ಣಂಗಿಲ್ಲ, ಅವ್ವಗ ಎಷ್ಟು ಸಿಟ್ಟು. ಮಡಿಯೊಳಗ ಇದ್ದಾಗ ಮುಟ್ಟಬಾರದು ಅನ್ನೋದೊಂದು ಹೇಳೋದು ಮರ್ತಿದ್ದ. ಹುಟ್ಟಿದಾಗಿಂದ ಗೊತ್ತಿದ್ದದ್ದು ಹೇಳಬೇಕು ಅಂತ ಅವಗ ಹೊಳೀಲೇ ಇಲ್ಲ. ಅಜ್ಜಿ ತನ್ನ ಕಾಲು ನೋಡ್ಕೊಂಡಳು. ತಿರುಗಿ ಒಳಗ ಹೋದಳು. ಬಚ್ಚಲದಾಗ ನೀರು ಸುರುವೋ ಸಪ್ಪಳ ಬಂತು.

"ನಡಿ ಸುಜಾತಾ, ಹೋಗೋಣು," ಅಂದ ಕಾಕಾ.

ಕಾಕು ಹೋಗಲಿಲ್ಲ, ಅಲ್ಲೇ ಕೂತಳು. ನನ್ನ ಕಡೆ ತಿರುಗಿದಳು. "ಪದ್ಮಾ, ನೀ ಮುಟ್ಟಿದ್ರೂ ಅವ್ರು ಸ್ನಾನ ಮಾಡ್ತಾರೇನು?"

"ಹೂಂ. ಯಾರು ಮುಟ್ಟಿದ್ರೂ. ಅಪ್ಪ ಮುಟ್ಟಿದ್ರೂ."

"ಖರೇನ?"

"ದೇವರಾಣಿ ಖರೇನ."

"ಹಂಗಾದ್ರ ಕುಂದರ್ರಿ," ಅಂದಳು ಕಾಕಾಗ. "ನಾ ಉಂಡ ಹೋಗಾಕಿ."

ನಾ ಹೇಳಿದ್ದು ಖರೇನ ಇತ್ತು. ಆದ್ರ ನಾ ಮುಟ್ಟಿದಾಗ ಅಜ್ಜಿ ಬೈತಿದ್ದಳು. ಸುಟ್ಟ ಹುಡುಗೀ ಅಂತ ಬೈಕೋತ ಹೋಗ್ತಿದ್ದಳು. ಅವತ್ತು ಬೈಲಿಲ್ಲ. ಸುಮ್ಮನ ಹೋದಳು. ಹೊಸಾಕಿ ಅಂತ ಬೈಲಿಲ್ಲೋ, ಬೈಯೋದಕ್ಕೂ ಅಕಿ ನಮ್ಮಾಕಿ ಅಲ್ಲ ಅಂತ ಬೈಲಿಲ್ಲೋ? ಆ ನೀರು ಮಡಿಗಾಗಿ ಸುರುವಿಕೊಂಡದ್ದೋ, ಕಾಕು ಹುಟ್ಟಿದ ಕೇರಿ ತೊಳಕೊಳ್ಳಿಕ್ಕೋ? ಅಜ್ಜಿ ಇರೋ ತನಕ ಕೇಳ್ಲಿಕ್ಕೆ ಧೈರ್ಯ ಆಗಲಿಲ್ಲ, ಕಾಕುನ್ನ ಒಮ್ಮೆ ಕೇಳಿದೆ. "ನನಗೂ ಗೊತ್ತಿಲ್ಲವಾ, ಗೊತ್ತು ಮಾಡ್ಕೊಳ್ಳಾಕ ಹೋಗಿಲ್ಲ," ಅಂದಳು. ಸಿಟ್ಟಿಲೇ ಅಂದಳೋ ಸಮಾಧಾನದಿಂದ ಅಂದಳೋ, ಅದೂ ತಿಳೀಲಿಲ್ಲ.

ಸೀರಿ ಒಣಗೋ ತನಕ ಎಲ್ಲಾರೂ ಹಸಗೊಂಡು ಕೂತ್ವಿ. ಆಮ್ಯಾಲ ಒಳಗಿಂದ ಅಜ್ಜಿ ದನಿ ಬಂತು.

"ಪದ್ದೀ, ಅಕಿಗೆ ಹೇಳು, ತಾಟು ಹಾಕೇದಂತ."

ನಾನು ರೂಢಿಯಂತ ಬಾಯಿ ತೆರದೆ. ಕಾಕು ಕೈ ಎತ್ತಿ ನನ್ನ ತಡದಳು. ಎದ್ದು ಹೊಸ್ತಲದ ಈಚಿಗೆ ಬಂದು ನಿಂತಳು, ದಾಟಲಿಲ್ಲ.

"ಅತ್ತೀ, ನಾ ಇಲ್ಲೇ ಅದೀನ್ರಿ. ನೀವ ಕರೀರಿ. ಕರದ್ರ ಬರ್ತೀನಿ."

ಜೋರಿಲ್ಲ, ಸಿಟ್ಟಿಲ್ಲ. ಸಾಲ್ಯಾಗ ಹಾಜರಿ ಕರಿಯೋ ದನಿ. ನಮ್ಮನ್ಯಾಗ ಹಂಗ ಯಾರೂ ಮಾತಾಡಿದ್ದಿಲ್ಲ. ನಾವೆಲ್ಲಾ ಗೋಡಿ ಹಿಡಕೊಂಡು, ಬಗ್ಗಿ, ಇನ್ನೊಬ್ಬರ ಮುಖಾಂತರ, ಕಳ್ಳನ ಮುಖಾಂತರ ಬದುಕಿದವರು. ಆಟದಾಗ ಯಾರರ ಹಿಂಗ ದೀಪದ ಕೆಳಗ ಹೋಗಿ ನಿಂತ್ರ ಕತ್ತಿ ಬೀಳ್ತದ. ನಾನು ಅದನ್ನ ಕಾಯ್ಕೋತ ನಿಂತಿದ್ದೆ. ಈಗಲೂ ಆಡುವಾಗ ಒಮ್ಮೊಮ್ಮೆ ಬೇಕಂತ ಕಳ್ಳನ್ನ ಬೆಳಕಿನಾಗ ನಡಸ್ತೀನಿ, ಸಾಯ್ತಾನ. ಆ ಆಟಕ್ಕ ಕಾಕುನಂಥಾಕಿ ಗೊತ್ತಿಲ್ಲ. ಮತ್ತ ಯಾಕ ಆಡ್ತೀ ಅಂದ್ರ, ನನಗ ತಿಳೀವಲ್ದು ಅಂತ ಆಗಲೇ ಹೇಳೀನಲ್ಲಾ!

ಕಾಕು ಹೊಸ್ತಲದ ಈಚಿಗೆ ಹಂಗ ನಿಂತಿದ್ದಳು.

"ಬಾ," ಅಂದಳು ಅಜ್ಜಿ. ಆಮ್ಯಾಲ, "ಕೈಕಾಲು ತೊಳಕೊಂಡು ಬಾ. ಎಲ್ಲಾರೂ ತೊಳಕೊಂಡ ಬರ್ತಾರ."

ನಡುಮನ್ಯಾಗ ಅಪ್ಪ, ಕಾಕಾ, ನಾನು, ನನ್ನ ಬಾಜೂಕ ಕಾಕು. ಅಜ್ಜಿ ಎತ್ತರದಿಂದ ಬಡಿಸಿದಳು, ನಮಗೆಲ್ಲಾ ಬಡಿಸೋ ಹಂಗ. ಕಾಕು ಬದನಿಕಾಯಿ ಪಲ್ಯ ಮತ್ತೊಮ್ಮೆ ಕೇಳಿ ಹಾಕಿಸ್ಕೊಂಡಳು. ಕಾಕಾ ತಲಿ ಬಗ್ಗಿಸಿ ಉಣ್ಣೋದ ನಡಸಿದ್ದ, ತಾಟಿನಾಗ ಭಕ್ರಿ ಮುಗಿದಿತ್ತು. ಅಜ್ಜಿ ಭಕ್ರಿ ಬುಟ್ಟಿ ಹಿಡಕೊಂಡು ಅವನ ಮುಂದ ಬಂದು ನಿಂತಳು, ಮುಖ ಮಾತ್ರ ಕಾಕುನ ಕಡೆ.

"ಸುಜಾತಾ, ನಿನ್ನ ಗಂಡಗ ಕೇಳು, ಇನ್ನೊಂದು ಬೇಕೇನಂತ."

ಅಪ್ಪನ ಕೈ ಬಾಯಿಗೆ ಹೋಗೋದು ನಿಂತಿತು. ನಿನ್ನ ಗಂಡ ಅಂದಳು ಅಜ್ಜಿ. ಅಷ್ಟ ಆಗಿದ್ರ ನಮಗೆಲ್ಲಾ ಸಾಕಾಗಿತ್ತು, ಹಬ್ಬ ಮಾಡ್ತಿದ್ವಿ. ಕಾಕುಗ ಸಾಕಾಗಲಿಲ್ಲ.

"ನಿಮ್ಮ ಮಗ ಅಲ್ಲೇನ್ರಿ ಅವ್ರು?" ಅಂದಳು. "ನೀವ ಕೇಳ್ರಿ."

ಅಜ್ಜಿ ನಿಂತಳು. ಕಾಕುನ್ನ ನೋಡಿದಳು, ಅಡಗಿಮನಿ ಬಾಗಲದಾಗ ನಿಂತ ಅಮ್ಮನ್ನ ನೋಡಿದಳು, ನನ್ನ ನೋಡಿದಳು. ನನಗೇನರ ಹೇಳ್ತಾಳ ಅಂತ ನಾನು ಕಾದೆ. ಹೇಳಲಿಲ್ಲ. ಕಡೀಕ ಕೆಳಗ, ಮಗನ ನೆತ್ತಿ ನೋಡಿದಳು.

"ಬೇಕೇನೋ?"

ಕಾಕಾ ಎರಡೂ ಕೈಲೇ ತಾಟು ಎತ್ತಿ ಅವ್ವನ ಮುಂದ ಹಿಡಿದ.